ತಾಮ್ರದ ಚೊಂಬಿನ ನೀರಿಗೆ ಬಣ್ಣದ ಪರೀಕ್ಷೆ: ಇಲ್ಲಿಯವರೆಗೆ ಆಗಿದ್ದು

ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರಿಗೆ ಎಷ್ಟು ತಾಮ್ರ ಬಿಡುತ್ತದೆ? ಇದನ್ನು ಯಂತ್ರ ಇಲ್ಲದೆ, ಬರೀ ಬಣ್ಣ ನೋಡಿ ಹೇಳಬೇಕು ಅನ್ನೋದು ಈ ಪ್ರಾಜೆಕ್ಟ್. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ (ದೇಶೀ ವೈದ್ಯ ಪರಂಪರೆಗಳ ಸಂಸ್ಥೆ) ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ಗಂಟೆ ತಾಮ್ರದ ಪಾತ್ರೆಯಲ್ಲಿದ್ದ ನೀರಿನಲ್ಲಿ ಲೀಟರಿಗೆ ಸುಮಾರು 0.18 ಮಿಲಿಗ್ರಾಂ ತಾಮ್ರ ಸಿಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 2 ಮಿಲಿಗ್ರಾಂವರೆಗೆ ಒಪ್ಪುತ್ತದೆ (ಇಲ್ಲಿಯೂ ಮುಂದೆಯೂ ನೀರಿನ ತಾಮ್ರದ ಅಂಕಿಗಳೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ). ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್ ಬಿಗಿ: 0.05 ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಹಾಗಾಗಿ 0.2ರ ಆಸುಪಾಸಿನದ್ದು ಕಣ್ಣಿಗೆ ಕಾಣದಿದ್ದರೆ ನನ್ನ ಪರೀಕ್ಷೆಗೆ ಅರ್ಥವಿಲ್ಲ.

ಹೋಲಿಸಿ ನೋಡಲು ಮೊದಲು ಗೊತ್ತಿರುವ ಪ್ರಮಾಣದ ನೀರು ಬೇಕು. ಮೈಲುತುತ್ತ (ತಾಮ್ರದ ಸಲ್ಫೇಟ್) 3.93 ಗ್ರಾಂ ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಅದರಲ್ಲಿ 1000 ಮಿಲಿಗ್ರಾಂ ತಾಮ್ರ. ಉಳಿದದ್ದೆಲ್ಲ ಅದನ್ನೇ ತೆಳುಮಾಡುವುದು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತರುವ ತುತ್ತ ಇದಕ್ಕೆ ಆಗುವುದಿಲ್ಲ, ಲ್ಯಾಬ್ ದರ್ಜೆಯದೇ ಬೇಕು. ಬಿಳಿಚಿದ ಹರಳು ನೀರು ಕಳೆದುಕೊಂಡಿರುತ್ತದೆ, ತೂಕ ತಪ್ಪುತ್ತದೆ. ನೀಲಿ ಹರಳನ್ನೇ ಆರಿಸಿ.

ಅಮೋನಿಯಾ ಹಾಕಿದರೆ ತಾಮ್ರ ಕಡು ನೀಲಿ ಆಗುತ್ತದೆ. ಕಾಲೇಜಿನಲ್ಲಿ ಎಲ್ಲರೂ ನೋಡಿರುತ್ತೀರಿ. ಚಂದ ಇದೆ, ಆದರೆ ಪ್ರನಾಳದಲ್ಲಿ 10 ಮಿಲಿಗ್ರಾಂಗಿಂತ ಕೆಳಗೆ ಏನೂ ಕಾಣುವುದಿಲ್ಲ. ಕೈಬಿಟ್ಟೆ.

ಈಗ ಬಳಸುತ್ತಿರುವುದು ನಿಯೋಕ್ಯುಪ್ರಾಯಿನ್ ಎಂಬ ರಾಸಾಯನಿಕ. ಮೊದಲು ವಿಟಮಿನ್ ಸಿ ಹಾಕಿ ತಾಮ್ರದ ಎರಡು ಧನಾವೇಶವನ್ನು ಒಂದಕ್ಕೆ ಇಳಿಸಬೇಕು. ಆಮೇಲೆ ಇದನ್ನು ಹಾಕಿದರೆ ಕಿತ್ತಳೆ ಹಳದಿ ಬಣ್ಣ ಬರುತ್ತದೆ. (ಅಂಗಡಿಯ ಚೀಪುವ ಮಾತ್ರೆ ಬೇಡ, ಅದೇ ಕಿತ್ತಳೆ ಬಣ್ಣ! ಶುದ್ಧ ಪುಡಿ ತನ್ನಿ.) ಇದರ ದೊಡ್ಡ ಗುಣ ಅಂದರೆ ಕಬ್ಬಿಣಕ್ಕೆ ಮೋಸಹೋಗುವುದಿಲ್ಲ. ಇದರ ಅಣ್ಣನಂತಿರುವ ಫಿನಾಂತ್ರೋಲಿನ್ ಕಬ್ಬಿಣ ಕಂಡರೆ ಕೆಂಪಾಗುತ್ತದೆ. ನಿಯೋಕ್ಯುಪ್ರಾಯಿನ್‌ನಲ್ಲಿ ಎರಡು ಮೀಥೈಲ್ ಗುಂಪು ಜಾಗ ಹಿಡಿದು ಕೂತಿರುವುದರಿಂದ ಕೆಂಪು ಬಣ್ಣಕ್ಕೆ ಬೇಕಾದ ಮೂರು ಅಣು ಕಬ್ಬಿಣದ ಸುತ್ತ ಹಿಡಿಸುವುದಿಲ್ಲ. ಬೋರ್‌ವೆಲ್ ನೀರು ಕುಡಿಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೂ 0.2 ಕಾಣಲಿಲ್ಲ. ಲೆಕ್ಕ ಹಾಕಿದರೆ ಕಾರಣ ಸಿಕ್ಕಿತು. ಈ ಬಣ್ಣ ಹೀರುವುದು 454 ನ್ಯಾನೋಮೀಟರ್ ಸುತ್ತಲಿನ ನೀಲಿ ಬೆಳಕನ್ನು. 0.2 ಮಿಲಿಗ್ರಾಂ ತಾಮ್ರ ಇರುವ ನೀರು ಒಂದು ಸೆಂಟಿಮೀಟರ್ ದಪ್ಪ ಇದ್ದರೆ ಆ ಬೆಳಕಿನಲ್ಲಿ ನೂರಕ್ಕೆ ಆರರಷ್ಟೂ ಹೀರುವುದಿಲ್ಲ. ಅದೇ ನೀರು 18 ಸೆಂಟಿಮೀಟರ್ ಇದ್ದರೆ ನೂರಕ್ಕೆ 60ಕ್ಕಿಂತ ಜಾಸ್ತಿ! ಅಂದರೆ ದುಬಾರಿ ರಾಸಾಯನಿಕ ಹುಡುಕುವುದಕ್ಕಿಂತ ಉದ್ದದ ನೀರಿನ ಕಂಬ ವಾಸಿ. ಹಿಂದಿನ ರಸಾಯನ ತಜ್ಞರು ನೆಸ್ಲರ್ ಕೊಳವೆ ಎಂಬ ಉದ್ದನೆಯ ಗಾಜಿನ ಕೊಳವೆಯಲ್ಲಿ ಮಾಡುತ್ತಿದ್ದುದೂ ಇದನ್ನೇ. ನಾನು 100 ಮಿಲಿಲೀಟರಿನ ಗಾಜಿನ ಅಳತೆ ಜಾಡಿಗೆ ಸುತ್ತ ಕಪ್ಪು ಕಾಗದ ಸುತ್ತಿ, ಅಡಿಗೆ ಬಿಳಿ ಹಾಳೆ ಇಟ್ಟು, ಮೇಲಿನಿಂದ ಇಣುಕುತ್ತೇನೆ. ಪಕ್ಕದಲ್ಲಿ ತಾಮ್ರವಿಲ್ಲದ ನೀರಿನ ಇನ್ನೊಂದು ಜಾಡಿ.

ಹಗಲು ಬೆಳಕಿನಲ್ಲಿ 0.1 ಸಲೀಸಾಗಿ ಗೊತ್ತಾಗುತ್ತದೆ. 0.05 ಮಾತ್ರ ಇದೆಯೋ ಇಲ್ಲವೋ ಅನ್ನುವ ಹಾಗೆ. ಹಳದಿ ಛಾಯೆಯ ಎಲ್‌ಇಡಿ ದೀಪದ ಕೆಳಗೆ ಎಲ್ಲ ಒಂದೇ. ಚೊಂಬಿನ ನೀರು 0.1 ಮತ್ತು 0.2ರ ನಡುವೆ ಬಂತು. ಅದೇ ಚೊಂಬಿಗೆ ನಿಂಬೆರಸ ಹಿಂಡಿ ಇಟ್ಟದ್ದು 1 ಮಿಲಿಗ್ರಾಂ ಜಾಡಿಗಿಂತ ಗಾಢವಾಗಿತ್ತು. ತಾಮ್ರದಲ್ಲಿ ಮಜ್ಜಿಗೆ ಇಡಬೇಡ ಅಂತ ಅಜ್ಜಿಯರು ಸುಮ್ನೆ ಹೇಳುತ್ತಿರಲಿಲ್ಲ, ಅಲ್ವಾ? ಪರೀಕ್ಷೆ ಮಾಡಿದ ನೀರನ್ನು ಯಾರೂ ಕುಡಿಯದ ಹಾಗೆ ಹೆಸರು ಬರೆದು ಬೇರೆ ಇಡುತ್ತೇನೆ.

ಕಾಗದದ ಪಟ್ಟಿ ಮಾಡಿ ಅಂತ ಗೆಳೆಯರು ಕೇಳುತ್ತಿದ್ದಾರೆ. ಅದ್ದಿ ತೆಗೆಯುವ ಪಟ್ಟಿಗೆ ಇಷ್ಟು ಕಡಿಮೆ ತಾಮ್ರ ಸಾಲದು. 0.2ರ ನೀರಿನ ಹತ್ತು ಮೈಕ್ರೋಲೀಟರ್ ಹನಿಯಲ್ಲಿ ಇರುವುದು ಬರೀ 2 ನ್ಯಾನೋಗ್ರಾಂ. ಆದರೆ 50 ಮಿಲಿಲೀಟರ್ ನೀರನ್ನು ಸಿರಿಂಜಿನಿಂದ ಚಿಕ್ಕ ಕಾಗದದ ಬಿಲ್ಲೆಯ ಮೂಲಕ ತಳ್ಳಿದರೆ 10 ಮೈಕ್ರೋಗ್ರಾಂ ಹಾದುಹೋಗುತ್ತದೆ. ಅದರಲ್ಲಿ ಅರ್ಧ ಸಿಕ್ಕಿಕೊಂಡರೂ ಸಾಕು. ತಾಮ್ರವನ್ನು ಹಿಡಿಯಲು ಬಿಲ್ಲೆಗೆ ಹಚ್ಚುವುದಕ್ಕೆ ಪ್ಯಾನ್ ಎಂಬ ಬಣ್ಣ ನೋಡುತ್ತಿದ್ದೇನೆ. ನೀರಿನಲ್ಲಿ ಕರಗದ್ದರಿಂದ ಕಾಗದ ಬಿಟ್ಟು ಹೋಗುವುದಿಲ್ಲ, ತಾಮ್ರ ಸಿಕ್ಕರೆ ಕೆಂಪಾಗುತ್ತದೆ. ತೊಂದರೆ ಏನೆಂದರೆ ಸತುವಿಗೂ ಕೆಂಪಾಗುತ್ತದೆ, ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ನೀರಿನಲ್ಲಿ ಸತು ಬರುತ್ತದೆ. ಹಾಗಾಗಿ ಚೊಂಬಿಗೆ ತುಂಬುವ ಮೊದಲಿನ ನೀರನ್ನೂ ಒಂದು ಬಿಲ್ಲೆಯಲ್ಲಿ ಹಾಯಿಸಿ ಎರಡನ್ನೂ ಹೋಲಿಸಬೇಕು. ಸಿರಿಂಜು, ಬಿಲ್ಲೆ ಕತ್ತರಿಸುವ ಪಂಚ್ ಬಂದಾಗಿದೆ. ಪ್ಯಾನ್ ಇನ್ನೂ ಬರಬೇಕು.