ಗೋಡೆ ತಟ್ಟುವ ಸಿನಿಮಾ

ಜುಲೈ 12, ಶನಿವಾರ

ನಿನ್ನೆ ರಾತ್ರಿ ಊಟ ಮುಗಿಸಿ ‘ದಿ ಹಾಂಟಿಂಗ್’ ನೋಡಿದೆ. 1963ರದ್ದು, ಕಪ್ಪು ಬಿಳುಪು. ನಿರ್ದೇಶಕ ರಾಬರ್ಟ್ ವೈಸ್. ಇದಾದ ಎರಡೇ ವರ್ಷಕ್ಕೆ ಹಾಡುಗಳ ಸಿನಿಮಾ ‘ಸೌಂಡ್ ಆಫ್ ಮ್ಯೂಸಿಕ್’ ಮಾಡಿದ ಅದೇ ಪುಣ್ಯಾತ್ಮ! ಎಲ್ಲರೂ ಮಲಗಿದ್ದರು ಅಂತ ಇಯರ್‌ಫೋನ್ ಹಾಕಿಕೊಂಡೆ, ಅದೇ ತಪ್ಪಾಯಿತು. ಈ ಸಿನಿಮಾದಲ್ಲಿ ದೆವ್ವ ಕಣ್ಣಿಗೆ ಕಾಣುವುದೇ ಇಲ್ಲ, ಬರುವುದೆಲ್ಲ ಕಿವಿಯಿಂದಲೇ.

ಅಮೆರಿಕದ ನ್ಯೂ ಇಂಗ್ಲೆಂಡಿನ ಹಿಲ್ ಹೌಸ್ ಅನ್ನುವ ಹಳೇ ಬಂಗಲೆ. ದೆವ್ವ ಇದೆಯೋ ಇಲ್ಲವೋ ನೋಡೋಣ ಅಂತ ನಾಲ್ಕು ಜನ ಹೋಗಿ ಉಳಿಯುತ್ತಾರೆ. ಅವರಲ್ಲಿ ಎಲಿನೋರ್ (ಜೂಲಿ ಹ್ಯಾರಿಸ್) 11 ವರ್ಷ ಕಾಯಿಲೆಯ ತಾಯಿಯನ್ನು ನೋಡಿಕೊಂಡವಳು. ತಾಯಿ ಗೋಡೆ ತಟ್ಟಿ ಕರೆಯುತ್ತಿದ್ದಳು. ಒಂದು ರಾತ್ರಿ ತಟ್ಟಿದಾಗ ಇವಳು ಹೋಗಲಿಲ್ಲ, ತಾಯಿ ತೀರಿಕೊಂಡಳು.

ಈಗ ಬಂಗಲೆಯಲ್ಲಿ ಮೊದಲ ರಾತ್ರಿ. ಧಡ್, ಧಡ್ ಅಂತ ಸದ್ದು. ಎಲಿನೋರ್ ಅರೆನಿದ್ದೆಯಲ್ಲೇ ‘ಬಂದೆ ಅಮ್ಮಾ’ ಅನ್ನುತ್ತಾಳೆ.

ಅಲ್ಲಿ ನಿಲ್ಲಿಸಿಬಿಟ್ಟೆ. ನಮ್ಮಜ್ಜಿ ಹಾಸಿಗೆ ಹಿಡಿದಾಗ ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಬಡಿಯುತ್ತಿದ್ದರು, ರಾತ್ರಿ ಎರಡಕ್ಕೆ, ಮೂರಕ್ಕೆ. ಈಗ ತಾನೇ ನೀರು ಕೊಟ್ಟು ಬಂದೆನಲ್ಲ ಅಂತ ಎಷ್ಟೋ ಸಲ ಹೊದಿಕೆ ಎಳೆದುಕೊಂಡು ಸುಮ್ನೆ ಮಲಗಿದ್ದೇನೆ.

ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಕತ್ತಲಲ್ಲಿ ಎಲಿನೋರ್ ಗೆಳತಿ ಥಿಯೋಳ ಕೈಯನ್ನು ಗಟ್ಟಿಯಾಗಿ ಹಿಡಿದಿರುತ್ತಾಳೆ. ದೀಪ ಹತ್ತಿದಾಗ ನೋಡಿದರೆ ಥಿಯೋ ಅಷ್ಟು ದೂರದಲ್ಲಿ. ಹಾಗಾದರೆ ಇಷ್ಟೊತ್ತು ಹಿಡಿದಿದ್ದು ಯಾರ ಕೈ? ಆಮೇಲೆ ಆ ಬಾಗಿಲು. ದಪ್ಪ ಮರದ ಬಾಗಿಲು, ನಡುವೆ ಮೆಲ್ಲಗೆ ಕಿರ್ರೆನ್ನುತ್ತಾ ಒಳಕ್ಕೆ ಉಬ್ಬುತ್ತದೆ, ಆಚೆ ಯಾರೋ ಉಸಿರು ಎಳೆದುಕೊಂಡ ಹಾಗೆ. ಶೂಟಿಂಗ್‌ನಲ್ಲಿ ತೆಳು ಪದರಗಳನ್ನು ಅಂಟಿಸಿದ ಹಲಗೆಯನ್ನು ಹಿಂದಿನಿಂದ ಒಬ್ಬ ಕೆಲಸದವನು ತಳ್ಳಿದ್ದು, ಅಷ್ಟೇ. ಮೊದಲೇ ಓದಿದ್ದೆ. ಆದರೂ ಕಾಲು ಎತ್ತಿ ಕುರ್ಚಿ ಮೇಲೆ ಇಟ್ಟುಕೊಂಡೆ, ನಗಬೇಡಿ!

ಇವರನ್ನೆಲ್ಲ ಅಲ್ಲಿಗೆ ಕರೆಸಿದ ಡಾಕ್ಟರ್ ಮಾರ್ಕ್‌ವೇ ಪಾಠ ಹೇಳುವುದು ಮಾತ್ರ ಜಾಸ್ತಿ ಆಯಿತು. ಎಲಿನೋರಳ ಮನಸ್ಸಿನ ಮಾತುಗಳನ್ನೂ ಸ್ವಲ್ಪ ಕಮ್ಮಿ ಮಾಡಬಹುದಿತ್ತು, ಅವಳ ಮುಖವೇ ಎಲ್ಲ ಹೇಳುತ್ತದೆ. ಆದರೆ ಅವಳಿಗೆ ಆ ಮನೆ ಬಿಟ್ಟು ಹೋಗಲು ಇಷ್ಟವೇ ಇಲ್ಲ ಅಂತ ಗೊತ್ತಾಗುತ್ತದಲ್ಲ, ಬಾಗಿಲಿಗಿಂತ ಅದಕ್ಕೇ ನಾನು ಹೆಚ್ಚು ಹೆದರಿದ್ದು. ಕರೆಯುವವರು ಅಂತ ಅವಳಿಗೆ ಉಳಿದಿದ್ದು ಆ ಮನೆ ಒಂದೇ.

ಅಜ್ಜಿಯ ಲೋಟ ಇನ್ನೂ ಅಡುಗೆಮನೆಯಲ್ಲೇ ಇದೆ, ಅಂಚು ನೆಗ್ಗಿದೆ. ಇವತ್ತು ಬೆಳಗ್ಗೆ ಕಾಫಿಗೆ ಬೇರೆ ಲೋಟ ತಗೊಂಡೆ.