ಕ್ಯಾಸೆಟ್ ಕಡತ: ಹಾಡಿಗೆ ಆವೇಶ ಬಂತಾ, ಬ್ಯಾಟರಿ ಇಳೀತಾ?

ಅಂತೂ ಈ ಹಳೇ ಕ್ಯಾಸೆಟ್ಟಿನ ಬಿ ಸೈಡ್ ದಾರಿಗೆ ಬಂತು. ಎಂಬತ್ತರ ದಶಕದ ಕೊನೆಯಲ್ಲಿ, ಕೋಲಾರ ಸೀಮೆಯ ಹಳ್ಳಿಯೊಂದರ ದಲಿತ ಸಂಘರ್ಷ ಸಮಿತಿ ಸಭೆಯಲ್ಲಿ ಯಾರೋ ಪುಣ್ಯಾತ್ಮರು ತುಂಬಿಸಿಟ್ಟ ಸಿ-60, ಅಂದರೆ ಅರವತ್ತು ನಿಮಿಷದ ಕ್ಯಾಸೆಟ್ಟು ಅದು. ಹೆಡ್ ಕ್ಲೀನಿಂಗ್, ಅಜಿಮತ್ (ಹೆಡ್ಡಿನ ಓರೆ ಸರಿಮಾಡೋದು), ಉದುರಿದ ಪ್ಯಾಡು (ಟೇಪನ್ನ ಹೆಡ್ಡಿಗೆ ಒತ್ತೋ ಮೆತ್ತೆ), ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಪ್ಲೇಯರ್ ತಿರುಗಿಸೋ ರಬ್ಬರ್ ಬೆಲ್ಟಿನದು ಮಾತ್ರ ಹೇಳಲೇಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಾತ ‘ಒರಿಜಿನಲ್ ಸಾರ್’ ಅಂತ ಕೊಟ್ಟಿದ್ದು ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಹಾಕೋಕೆ ಲಾಯಕ್ಕು.

ತಲೆ ತಿಂದಿದ್ದು ಕೊನೇ ಹಾಡು. ಒಬ್ಬರು ಹೇಳಿಕೊಡ್ತಾರೆ, ಜನ ಸೊಲ್ಲು ಹಿಡೀತಾರೆ. ಮೊದಲ ನುಡಿಗೆ ನಾಲ್ಕೈದು ದನಿ, ಅದರಲ್ಲೂ ಒಂದು ಕೆಮ್ಮು. ಮೂರನೇ ನುಡಿ ಹೊತ್ತಿಗೆ ಹೆಂಗಸರೆಲ್ಲ ಸೇರಿ ಮೈಕೇ ಒಡೆಯೋ ಹಾಗೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಅಚ್ಚಾಯಿತು ನಿಜ, ಆದರೆ ಅದರ ಪದ್ಯಗಳು ಊರೂರಿಗೆ ಹೋಗಿದ್ದು ಹೀಗೆ ಬಾಯಿಂದ ಬಾಯಿಗೆ. ಅಕ್ಷರ ಬರದವರಿಗೂ ಸೊಲ್ಲು ಬರುತ್ತೆ. ಚಳವಳಿಗೆ ಕರಪತ್ರಕ್ಕಿಂತ ಸೊಲ್ಲೇ ಹೆಚ್ಚು ಕೆಲಸ ಮಾಡಿದೆ ಅನ್ನೋದು ನನ್ನ ಹಠ.

ಈ ಹಾಡು ನಿಮಿಷಕ್ಕೆ 96 ಪೆಟ್ಟಿನಲ್ಲಿ ಶುರುವಾಗಿ 118ಕ್ಕೆ ಮುಗಿಯುತ್ತೆ. ಕೇಳಿದವರೆಲ್ಲ ‘ಆಹಾ, ಎಂಥ ಆವೇಶ!’ ಅಂದರು. ನನಗೆ ಅನುಮಾನ. ಸೆಲ್ ಇಳಿದ ಟೇಪ್‌ರೆಕಾರ್ಡರು ನಿಧಾನಕ್ಕೆ ತಿರುಗಿ ರೆಕಾರ್ಡ್ ಮಾಡುತ್ತೆ, ಈಗ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲ ಓಡುತ್ತೆ. ಆವೇಶ ಜನರದ್ದೋ, ಸೆಲ್ಲಿನದ್ದೋ? ಅದಕ್ಕೆ ತಕ್ಕಂತೆ ಶ್ರುತಿಯೂ ಏರಬೇಕಿತ್ತು, ಆದರೆ ತಮಟೆಯ ಶ್ರುತಿ ಮೊದಲಿಂದ ಕೊನೇವರೆಗೆ ಅಲ್ಲೇ ನಿಂತಿದೆ. ಇಲ್ಲೇ ಒಂದು ವಾರ ಒದ್ದಾಡಿದೆ.

ಬಿಡಿಸಿದ್ದು ನಾವೆಲ್ಲ ಮೊದಲು ಅಳಿಸೋ ಆ ಗುಂಯ್ ಸದ್ದು. ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಹಮ್ ಸಣ್ಣಗೆ ಟೇಪಿಗೆ ಬಿದ್ದಿತ್ತು. ಕರೆಂಟಿನ ಆವರ್ತನ 50 ಹರ್ಟ್ಸ್ ಇದ್ದರೆ ಈ ಹಮ್ ಅದರ ಎರಡರಷ್ಟು, 100. ಆಡಾಸಿಟಿ ಅನ್ನೋ ಸಾಫ್ಟ್‌ವೇರಿನ ಸ್ಪೆಕ್ಟ್ರೋಗ್ರಾಮ್‌ನಲ್ಲಿ (ಸದ್ದನ್ನ ಚಿತ್ರವಾಗಿ ತೋರಿಸೋದು) ಹಿಗ್ಗಿಸಿ ನೋಡಿದರೆ 100 ಹರ್ಟ್ಸ್ ಆಸುಪಾಸಿನಲ್ಲಿ ಕೂದಲೆಳೆಯಂಥ ಗೆರೆ. 98ರಲ್ಲಿ ಶುರು, ಕೊನೆಗೆ 104. ಆಗಿನ ನಮ್ಮ ವಿದ್ಯುತ್ ಗ್ರಿಡ್ 50ರಲ್ಲಿ ನಿಂತಿದ್ದೇ ಅಪರೂಪ, 49, 48.5ಕ್ಕೂ ಇಳೀತಿತ್ತು, 52ಕ್ಕೆ ಏರೋ ಮಾತೇ ಇಲ್ಲ. ಅಲ್ಲಿಗೆ ಸೆಲ್ ಸಿಕ್ಕಿಬಿತ್ತು. ವೇಗ ಹೆಚ್ಚುಕಮ್ಮಿ ಮಾಡೋ ಟೈಮ್ ಟ್ರ್ಯಾಕ್ ಹಾಕಿ ಆ ಗೆರೆಯನ್ನ ನೇರ ಮಾಡಿದೆ.

ಈಗ ತಮಟೆಯ ಶ್ರುತಿ ಇಳೀತಾ ಹೋಗುತ್ತೆ, ಹೋಗಲೇಬೇಕು: ರಾತ್ರಿ ಇಬ್ಬನಿ, ಕಾಯಿಸಿದ ಚರ್ಮ ಸಡಿಲ ಆಗುತ್ತೆ. ಸೆಲ್ ಏರಿಸಿದ್ದನ್ನ ಚರ್ಮ ಇಳಿಸಿ ಲೆಕ್ಕ ಚುಕ್ತಾ ಮಾಡಿತ್ತು! ಅದರ ಹಿಂದಿನ ಹಾಡಿನ ನಡುವೆ ಯಾರೋ ‘ಬೆಂಕಿ ಹಾಕ್ರೋ’ ಅಂತ ಕೂಗ್ತಾರೆ, ಸ್ವಲ್ಪ ಹೊತ್ತಿಗೆ ತಮಟೆ ಠಣ್ ಅಂತ ಮೇಲೇರುತ್ತೆ. ಇದಕ್ಕಿಂತ ಸಾಕ್ಷಿ ಬೇಕಾ?

ಮತ್ತೆ ಆವೇಶ? ಸೆಲ್ಲಿನ ಪಾಲು ಕಳೆದರೂ 96ರಿಂದ 111 ಪೆಟ್ಟಿಗೆ ಏರಿದೆ. ಜನರೇ ಗೆದ್ದರು.

ಇದರಿಂದ ಮುಂದಿನ ಹುಚ್ಚು ಹಿಡಿದಿದೆ: ಸ್ವಂತ ತಮಟೆ ಕಟ್ಟಿ, ಕಾಯಿಸಿ, ಆರುವಾಗ ಶ್ರುತಿ ಎಷ್ಟೆಷ್ಟು ಇಳಿಯುತ್ತೆ ಅಂತ ಗ್ರಾಫ್ ಬರೆಯೋದು. ಸಾವಿಗೆ, ಡಂಗುರಕ್ಕೆ ಬಿಟ್ಟಿ ಬಡಿಯಬೇಕಿದ್ದ ವಾದ್ಯ ಅದು. ‘ಬಡಿಯೋದೇ ಬೇಡ’ ಅಂದವರೂ ಚಳವಳಿಯವರೇ, ಜಾಥಾದ ಮುಂದೆ ಹಿಡಿದವರೂ ಅವರೇ. 2023ರಲ್ಲಿ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀನೂ ಬಂತು. ನಮ್ಮ ಮನೆಯವಳು ಮಾತ್ರ ‘ಚರ್ಮ ಟೆರೇಸ್ ಮೇಲೆ ಒಣಗಿಸಿದರೆ ನೋಡಿ’ ಅಂದಿದ್ದಾಳೆ.

ಗ್ರಾಫ್ ಬೇಕೇ ಬೇಕು. ಮುಂದಿನ ಕ್ಯಾಸೆಟ್ ಪೆಟ್ರೋಮ್ಯಾಕ್ಸ್ ಬೆಳಕಿನ ಸಭೆಯದ್ದು: ಕರೆಂಟಿಲ್ಲ, ಮೈಕಿಲ್ಲ, ಹಮ್ಮೂ ಇಲ್ಲ. ಅಷ್ಟರಲ್ಲಿ ಯಾರ ಹತ್ತಿರವಾದರೂ ಸರಿಯಾದ ಚೌಕ ಬೆಲ್ಟ್ ಇದ್ದರೆ ಹೇಳಿ, ‘ಒರಿಜಿನಲ್’ ಮಾತ್ರ ಬೇಡ.