ಕೈಲಾಸಂ ನಾಟಕದಲ್ಲಿ ಅಷ್ಟೊಂದು ಇಂಗ್ಲಿಷ್ ಯಾಕೆ?

ನಮ್ಮ ಹವ್ಯಾಸಿ ತಂಡ ಟಿ.ಪಿ. ಕೈಲಾಸಂ ನಾಟಕ ಎತ್ತಿಕೊಂಡಾಗಲೆಲ್ಲ ಹೊಸ ಹುಡುಗರು ಕೇಳುವ ಪ್ರಶ್ನೆ ಇದು. 'ಸಾರ್, ಸಾಲಿಗೊಂದು ಇಂಗ್ಲಿಷ್ ಪದ ಇದೆ. ಇದು ಕನ್ನಡ ನಾಟಕ ಹೇಗಾಗುತ್ತೆ?' ನಾಟಕ ನೋಡಿ ಹೊರಗೆ ಬಂದವರೂ ಕೇಳುತ್ತಾರೆ. ಕಾಫಿ ಕುಡಿಯುತ್ತಾ ಹೇಳಿ ಮುಗಿಸುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಮಾತು ಆಗಲೇ ಬೆಂಗಳೂರಿನ ಮನೆಗಳಲ್ಲಿತ್ತು. ಕೈಲಾಸಂ ಕೇಳಿಸಿಕೊಂಡರು, ಅಷ್ಟೇ. ಮೈಸೂರು ಸಂಸ್ಥಾನದ ಕಾಲ ಅದು. ಸರ್ಕಾರಿ ಕೆಲಸಕ್ಕೂ ವಕೀಲಿಕೆಗೂ ಇಂಗ್ಲಿಷ್ ಬೇಕು. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ಹಜಾರದಲ್ಲಿ ಕೂತ ಯಜಮಾನರ ಕನ್ನಡವೇ ಬೇರೆ, ಅಡುಗೆಮನೆಯ ಕನ್ನಡವೇ ಬೇರೆ. ಕೈಲಾಸಂ ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ನ್ಯಾಯಾಧೀಶರು. ಮಗ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸಂಸ್ಥಾನದ ಕೆಲಸಕ್ಕೆ ಸೇರಿ, ಅದನ್ನೂ ಬಿಟ್ಟರು. ನಮಗೆ ಅಭ್ಯಾಸವಾಗಿ ಕೇಳಿಸದೇ ಹೋಗಿದ್ದು ಅವರ ಕಿವಿಗೆ ಬಿತ್ತು ಅಂತ ನನಗನ್ನಿಸುತ್ತದೆ.

ರಂಗದ ಮೇಲೆ ಆಗ ಕಂಪನಿ ನಾಟಕಗಳದೇ ಆಳ್ವಿಕೆ. ಪುರಾಣದ ಕಥೆ, ಹಾಡು, ಗ್ರಾಂಥಿಕ ಮಾತು. ಅಂಥ ಹೊತ್ತಿನಲ್ಲಿ, 1918ರಲ್ಲಿ, 'ಟೊಳ್ಳು ಗಟ್ಟಿ' ಬಂತು. ಪರೀಕ್ಷೆ ಪಾಸಾದ ಮಗ, ಫೇಲಾದ ಮಗ, ಅವರಿಬ್ಬರಲ್ಲಿ ಯಾರು ಟೊಳ್ಳು ಯಾರು ಗಟ್ಟಿ ಅನ್ನುವ ಕಥೆ. ನೋಡಲು ಬಂದವರು ಮನೆಯಲ್ಲಿ ಆಡುವ ಮಾತೇ ರಂಗದ ಮೇಲೂ ಕೇಳಿಸಿತು. ಆಮೇಲಿನ ನಾಟಕಗಳ ಹೆಸರು ನೋಡಿ: 'ತಾಳಿ ಕಟ್ಟೋಕ್ಕೂಲೀನೇ?' ವರದಕ್ಷಿಣೆಯ ಬಗ್ಗೆ ಇಷ್ಟು ನೇರವಾದ ಪ್ರಶ್ನೆ ಇನ್ನೊಂದಿಲ್ಲ. ಅದನ್ನು ಗ್ರಾಂಥಿಕ ಮಾಡಿ ನೋಡಿ, ಸಿಟ್ಟೇ ಇಳಿದುಹೋಗುತ್ತದೆ.

ಒಂದು ಸಲ ನಾವೂ ಹಾಗೆ ಮಾಡಿದ್ದೆವು. 'ಬಂಡ್ವಾಳ್ವಿಲ್ಲದ ಬಡಾಯಿ'ಯ ಇಂಗ್ಲಿಷ್ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿ ತಾಲೀಮು ಶುರು ಮಾಡಿದೆವು. ಮೂರನೇ ದಿನಕ್ಕೆ ಕೈಬಿಟ್ಟೆವು. ವಕೀಲ ಅಹೋಬ್ಲುವಿನ ಬಡಾಯಿ ಇರುವುದೇ ಆ ಇಂಗ್ಲಿಷಿನಲ್ಲಿ. ಅದು ಹೋದರೆ ಅವನು ಸುಮ್ನೆ ಮಾತು ಜಾಸ್ತಿ ಆಡುವ ಮನುಷ್ಯ. ಅವನ ಒಳಗಿನ ಭಯ ಕಾಣುವುದೇ ಇಲ್ಲ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಏಕಲವ್ಯ, ಕರ್ಣರ ಬಗ್ಗೆ ಕೈಲಾಸಂ ನಾಟಕ ಬರೆದದ್ದು ಪೂರ್ತಿ ಇಂಗ್ಲಿಷಿನಲ್ಲಿ. ಪುರಾಣಕ್ಕೆ ಒಂದು ಭಾಷೆ, ನಮ್ಮ ಮನೆಗಳಿಗೆ ಇನ್ನೊಂದು. ಹಾಗಿದ್ದಮೇಲೆ ಈ ಬೆರಕೆ ಬೇಕೆಂದೇ ಆರಿಸಿಕೊಂಡದ್ದು, ಅಲ್ವಾ? ಕನ್ನಡಿಗರೂ ಅವರನ್ನು ದೂರ ಇಡಲಿಲ್ಲ. 1945ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಮದ್ರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಕೈಲಾಸಂ ಕೂತು ಬರೆದದ್ದು ಕಡಿಮೆ. ಅವರು ಆಡಿ ತೋರಿಸುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಅದಕ್ಕೇ ಹೊಸ ಹುಡುಗರಿಗೆ ನಾನು ಪುಸ್ತಕ ಕೊಟ್ಟು ಮನಸ್ಸಿನಲ್ಲೇ ಓದಿ ಅನ್ನುವುದಿಲ್ಲ. ನಾಲ್ಕು ಜನ ಸುತ್ತ ಕೂತು ಜೋರಾಗಿ ಓದುತ್ತೇವೆ. ಮೊದಲ ಎರಡು ಪುಟ ಎಲ್ಲರೂ ತೊದಲುತ್ತಾರೆ. ಮೂರನೆಯ ಪುಟಕ್ಕೆ ಯಾರಾದರೊಬ್ಬರು ತಲೆಯೆತ್ತಿ ಹೇಳುತ್ತಾರೆ: 'ಸಾರ್, ನಮ್ಮ ತಾತ ಹೀಗೇ ಮಾತಾಡೋರು.'